ಥರ್ಮಾಕೋಲ್ ಹಿಡಿದವನ ಹೇಳಿಕೆ

ವಿಡಿಯೋದಲ್ಲಿ ನಾನೆಲ್ಲೂ ಇಲ್ಲ,
ಹುಡುಕಬೇಡಿ.
ಮೆಹಬೂಬಿಯ ಎಡಗೆನ್ನೆಯ ಮೇಲೆ ಒಂದಿಷ್ಟು ಬೆಳಕು ಬಿದ್ದಿದೆಯಲ್ಲ,
ಅದು ನಾನು.

ಶಿಡ್ಲಘಟ್ಟದ ಕಾಲೇಜು, ಕೊನೇ ವರ್ಷದ ಬಿಎ, ಒಂಬತ್ತು ಜನ,
ಮೂರು ನಿಮಿಷ ನಲವತ್ತು ಸೆಕೆಂಡಿನ ಹಾಡು.
ಮೊದಲ ಸಲ ತೆಗೆದದ್ದು ಹೀಗೆ:
ಧ್ವಜದ ಕಟ್ಟೆ, ಕಟ್ಟೆಯ ಮುಂದೆ ಅವಳು,
ಅವಳ ಮುಂದೆ ಫೋನು,
ಶುರುವಿಂದ ಕೊನೆತನಕ ಯಾರೂ ಅಲುಗಾಡಲಿಲ್ಲ.
ತೋರಿಸಿದರೆ ವೆಂಕಟರವಣನ ಅಜ್ಜಿ
ಪಲ್ಲವಿ ಮುಗಿಯುವಷ್ಟರಲ್ಲಿ ಗೊರಕೆ.
'ಪಾಸ್‌ಪೋರ್ಟ್ ಫೋಟೋಗೆ ಬಾಯಿ ಬಂದಂಗಿದೆ'
ಅಂದ ಅವನ ತಮ್ಮ, ಏಳನೇ ಕ್ಲಾಸು.

ಮುನಿಲಕ್ಷ್ಮಿ ಆ ರಾತ್ರಿ ಅರ್ಥಶಾಸ್ತ್ರದ ನೋಟ್‌ಬುಕ್ಕಿನ ಹಿಂದೆ
ಚೌಕ ಚೌಕ ಗೀಚಿದಳು,
ಚೌಕಕ್ಕೊಬ್ಬ ಕಡ್ಡಿಮನುಷ್ಯ.
ಬೆಳಿಗ್ಗೆ ಹುಕುಂ: ದೂರದಿಂದ ಒಂದು, ನಡುವಿಂದ ಒಂದು,
ಉಸಿರು ತಾಗುವಷ್ಟು ಹತ್ತಿರದಿಂದ ಒಂದು.
'ಕಣ್ಣಿಗೂ ಹಸಿವಿರುತ್ತೆ ಕಣ್ರೋ,
ಅದೇ ತುತ್ತು ಎಷ್ಟು ಸಲ ನುಂಗುತ್ತೆ?'

ಗೂಡಿನ ಮಾರುಕಟ್ಟೆಯಿಂದ ತಳ್ಳುಗಾಡಿ ಬಂತು.
ಟೈರಿನ ಗಾಳಿ ಅರ್ಧ ಬಿಟ್ಟೆವು, ಕುಲುಕದಿರಲಿ ಎಂದು;
ಕೀಲಿಗೆ ಕೊಬ್ಬರಿ ಎಣ್ಣೆ.
ಗಾಡಿಯ ಮೇಲೆ ಚಕ್ಕಳಮಕ್ಕಳ ಕೂತು ಫೋನು ಹಿಡಿದ ವೆಂಕಟರವಣ
ಮದುಮಗನಂತೆ ಸಾಗಿದ.
ನನ್ನ ಪಾಲಿಗೆ ಥರ್ಮಾಕೋಲ್,
ಯಾರದೋ ಮದುವೆಯ ಸ್ಟೇಜಿನದು,
ಬೆನ್ನ ಮೇಲಿನ್ನೂ ಮಿಣುಕು ಅಕ್ಷರ: 'ಶುಭವಿ'.
ಬಿಸಿಲನ್ನು ಹಿಡಿದು, ಬಗ್ಗಿಸಿ,
ಅವಳ ಮುಖಕ್ಕೆ ಬಡಿಸಬೇಕು.
ಕೈ ಸೋತರೆ ಸಂಜೆಯಾದಂತೆ.

ಆಮೇಲೆ ಆ ಚಮತ್ಕಾರ.
ಹಾಡನ್ನು ಎರಡರಷ್ಟು ವೇಗಕ್ಕೆ ಓಡಿಸಿದೆವು.
ಸ್ಪೀಕರಿನಲ್ಲಿ ಇಲಿಮರಿಯ ದನಿ, ಅವಳದೇ ದುಃಖ,
ಅದಕ್ಕೆ ಅವಳು ಚಟಪಟ ತುಟಿ ಕೂಡಿಸಬೇಕು.
ಹರಾಜಿಗೆ ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು.
ಹಿಂದಿನಿಂದ ಫಿರೋಜ್ ಒಂದು ಬುಟ್ಟಿ ಗೂಡು ಮೇಲಕ್ಕೆ ತೂರಿದ.
ರಾತ್ರಿ ಚಿತ್ರದ ವೇಗ ಅರ್ಧಕ್ಕಿಳಿಸಿ ನೋಡಿದರೆ
ತುಟಿ ಹಾಡಿನೊಳಗೆ ಸರಿಯಾಗಿ ಕೂತಿದೆ,
ಉಳಿದ ಲೋಕವೆಲ್ಲ ನೀರಿನಡಿ ಇದ್ದಂತಿದೆ:
ಕೂದಲು ಏಳಲು ಹೊತ್ತು ತಗೊಳ್ಳುತ್ತದೆ,
ಗೂಡುಗಳು ಬೀಳುವುದನ್ನೇ ಮರೆತಿವೆ.
ಯಾರೂ ನಗಲಿಲ್ಲ.

ಉಳಿದದ್ದು ಹದಿನೇಳನೇ ಚೌಕ.
ಮೆಹಬೂಬಿಯ ಮನೆ ಹಿಂದಿನ ಶೆಡ್ಡು,
ಬಿಸಿನೀರಿನ ಬಾಣಲೆ, ಚರಕ, ಹುಳುವಿನ ವಾಸನೆ.
ಕಾಲೇಜಿಗೆ ಮುಂಚೆ ದಿನಾ ಅಲ್ಲಿ ಅವಳು
ಕುದಿಯುವ ಗೂಡಿನಲ್ಲಿ ಎಳೆಯ ತುದಿ ಹುಡುಕುತ್ತಾಳೆ.
'ಬೆರಳು. ಕ್ಲೋಸಪ್' ಅಂದಳು ಮುನಿಲಕ್ಷ್ಮಿ.
ಮೆಹಬೂಬಿ ಕೈಯನ್ನು ವೇಲಿನೊಳಗೆ ಎಳೆದುಕೊಂಡಳು.
'ಅದು ಬೇಡ.'
'ಯಾಕೆ?'
'ಬೆಂದಿದಾವೆ.'
ಚರಕ ಒಂದೇ ತಿರುಗುತ್ತಿತ್ತು.
ಯಾರೂ ಹೇಳದೆ ನಾನು ಥರ್ಮಾಕೋಲ್ ಇಳಿಸಿದೆ.

ಕತ್ತರಿಸಿದವನು ಫಿರೋಜ್,
ಬಿರುಕು ಬಿಟ್ಟ ಫೋನಿನಲ್ಲಿ, ಎರಡು ರಾತ್ರಿ.
ಚರಕದಿಂದ ತಳ್ಳುಗಾಡಿಯ ಚಕ್ರಕ್ಕೆ ಹಾರಿಸಿದ,
ತಾಳಕ್ಕೆ ಸರಿಯಾಗಿ ಅಲ್ಲ,
ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ.
ಹದಿನೇಳನೇ ಚೌಕಕ್ಕೆ ಬಂದು ನಿಂತ:
'ಇಲ್ಲೇನು ಹಾಕಲಿ? ಎರಡು ಸೆಕೆಂಡು ಖಾಲಿ ಇದೆ.'
ಮುನಿಲಕ್ಷ್ಮಿ ಉಗುರು ಕಚ್ಚಿದಳು.
'ಇರಲಿ ಬಿಡು.'

ವಾರ್ಷಿಕೋತ್ಸವದ ದಿನ ಪರದೆ ಕಪ್ಪಾದಾಗ
'ಲೇ, ಕರೆಂಟು!' ಅಂತ ಹಿಂದಿನ ಬೆಂಚು ಕೂಗಿತು.
ಬರೀ ಚರಕದ ಸದ್ದು.
ಅಲ್ಲೀತನಕ ತಮ್ಮ ತಮ್ಮ ಫೋನಿನಲ್ಲಿ ಮುಳುಗಿದ್ದವರು
ಒಬ್ಬೊಬ್ಬರೇ ತಲೆ ಎತ್ತಿದರು.
ಆಗ ಬಿತ್ತು ಗೂಡಿನ ಮಳೆ, ನಿಧಾನಕ್ಕೆ.
ಮೆಹಬೂಬಿ ನನ್ನ ಮುಂದಿನ ಸಾಲಿನಲ್ಲಿದ್ದಳು.
ಚಪ್ಪಾಳೆ ಹೊಡೆದಳೋ ಇಲ್ಲವೋ, ಕಾಣಲಿಲ್ಲ.

ವೆಂಕಟರವಣನ ಅಜ್ಜಿಗೆ ಮತ್ತೆ ತೋರಿಸಿದೆವು.
ಈ ಸಲ ನಿದ್ದೆ ಮಾಡಲಿಲ್ಲ.
ಕನ್ನಡಕ ಮೂಗಿನ ತುದಿಗೆ ಜಾರಿಸಿ,
ಎಲೆಅಡಿಕೆಯ ಬಾಯಲ್ಲೇ ಅಂದಳು:
'ಮಧ್ಯೆ ಕಪ್ಪಗೆ ಒಂದು ಬರುತ್ತಲ್ಲಪ್ಪ,
ಅದನ್ನ ಇನ್ನೊಂದ್ಸಲ ಹಾಕು.'